ಮುಪ್ಪು ಮರೆತ ಕೋಶ

82 ವರ್ಷದ ಅಜ್ಜಿಯೊಬ್ಬರ ಚರ್ಮದ ಚೂರಿನಿಂದ, ಅವರದೇ ಬೆನ್ನುಹುರಿಯಲ್ಲಿರಬೇಕಾದ ನರಕೋಶಗಳನ್ನು ಬೆಳೆಸಿದ್ದೇವೆಂದು 2008ರಲ್ಲಿ ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಪ್ರಕಟಿಸಿದರು. ಅಜ್ಜಿಗೆ ಎಎಲ್‌ಎಸ್ ಇತ್ತು. ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕೂರಿಸಿದ್ದೂ ಇದೇ ರೋಗ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಸಾಯುತ್ತ ಹೋಗುತ್ತವೆ. ಕೈಕಾಲು ಸೋಲುತ್ತವೆ, ಕೊನೆಗೆ ಉಸಿರು. ಬದುಕಿರುವವರ ಬೆನ್ನುಹುರಿಯನ್ನು ಬಗೆದು ನೋಡುವಂತಿಲ್ಲ. ಸತ್ತ ಮೇಲೆ ನೋಡಿದರೆ, ನೋಡಬೇಕಾದ ಕೋಶಗಳಲ್ಲಿ ಬಹಳಷ್ಟು ಆಗಲೇ ಹೋಗಿರುತ್ತವೆ. ಬೆಂಕಿ ಹೇಗೆ ಹತ್ತಿತೆಂದು ಬೂದಿಯನ್ನು ಕೇಳಿದ ಹಾಗೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಜೀವವಿಜ್ಞಾನವೂ ಬಹುಕಾಲ ಹೆಚ್ಚುಕಡಿಮೆ ಹಾಗೇ ನಂಬಿತ್ತು: ಚರ್ಮವಾದದ್ದು ಚರ್ಮವೇ. ಕ್ಯೋಟೋದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಕ್ಕೆ, ಮರುವರ್ಷ ಮನುಷ್ಯರ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ, ಮರವನ್ನು ಮತ್ತೆ ಮೊಳಕೆ ಮಾಡಿ ತೋರಿಸಿದರು. ಅಜ್ಜಿಯ ಚರ್ಮಕೋಶ ಅದೇ ದಾರಿಯಲ್ಲಿ ಭ್ರೂಣದ ಹೊಸ್ತಿಲಿಗೆ ಹಿಂದಿರುಗಿತು. ಅಲ್ಲಿಂದ, 'ಎ' ಜೀವಸತ್ವದ ಬಂಧುವಾದ ರೆಟಿನಾಯಿಕ್ ಆಮ್ಲದಂಥವುಗಳ ಸನ್ನೆ ಹಿಡಿದು ನರಕೋಶವಾಯಿತು.

ನಾನು ತಡೆದು ನಿಲ್ಲುವುದು ಆ ಹೊಸ್ತಿಲಿನಲ್ಲಿ. ಮೊಳಕೆಯಾಗುವಾಗ ಕೋಶ ತನ್ನ ವಯಸ್ಸಿನ ಗುರುತುಗಳನ್ನು ಬಹುಪಾಲು ಅಳಿಸಿಕೊಳ್ಳುತ್ತದೆ. ಅಜ್ಜಿಯ ಎಸ್‌ಒಡಿ1 ಎಂಬ ಜೀನಿನಲ್ಲಿದ್ದ, ರೋಗಕ್ಕೆ ಮೂಲವಾದ ತಪ್ಪಕ್ಷರ ಮಾತ್ರ ಉಳಿಯುತ್ತದೆ. ಹುಟ್ಟುಗುಣ, ಸುಟ್ಟರೂ ಹೋಗದು. ಆದರೆ ಆ ತಪ್ಪಕ್ಷರ ಅಜ್ಜಿ ಕೂಸಾಗಿದ್ದಾಗಲೂ ಇತ್ತಲ್ಲ, ಓಡಾಡುವ ಹುಡುಗಿಯಾಗಿದ್ದಾಗಲೂ ಇತ್ತಲ್ಲ! ಅದು ರೋಗವಾಗಿ ಮೈದೋರಲು ದಶಕಗಳೇ ಬೇಕಾದವು. ಹಾಗಾದರೆ ರೋಗ ಎಂದು ನಾವು ಕರೆಯುವುದು ಅಕ್ಷರವನ್ನೋ, ವರ್ಷಗಳನ್ನೋ? ಗಾಜಿನ ತಟ್ಟೆಯಲ್ಲಿ ಅಕ್ಷರವಿದೆ, ವರ್ಷಗಳಿಲ್ಲ.

ಅಕ್ಷರವೊಂದೇ ಸಾಕಷ್ಟು ಹೇಳಿತು ಎನ್ನುವುದೂ ನಿಜ. ಇಂಥ ರೋಗಿಗಳ ಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಮಿಡಿಯುತ್ತವೆಂದು 2014ರಲ್ಲಿ ಕಂಡುಬಂತು. ಅಪಸ್ಮಾರಕ್ಕೆ ಕೊಡುತ್ತಿದ್ದ ರೆಟಿಗಾಬಿನ್ ಎಂಬ ಔಷಧ ಅವನ್ನು ತಣಿಸಿತು. ಮುಂದೆ 65 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ನರಗಳ ಉದ್ರೇಕ ಇಳಿಯಿತು. ರೋಗ ನಿಲ್ಲುತ್ತದೆಯೇ ಎಂದು ಹೇಳಲು ಅಷ್ಟು ಸಾಲದು. ಈಚೆಗೆ ಕೆಲವರು ಭ್ರೂಣದ ಹೊಸ್ತಿಲು ಮುಟ್ಟಿಸದೆ ಚರ್ಮವನ್ನು ನೇರವಾಗಿ ನರಕೋಶ ಮಾಡುತ್ತಾರೆ. ಆಗ ವಯಸ್ಸಿನ ಗುರುತು ಉಳಿಯುತ್ತದೆ. ಮುಪ್ಪನ್ನು ಉಳಿಸಿಕೊಳ್ಳಲು ಇಷ್ಟು ಪಾಡುಪಡುವ ಜನ ಬೇರೆಲ್ಲೂ ಸಿಗಲಾರರು.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ, ತೀವ್ರ ಮನೋರೋಗ ಮತ್ತೆಮತ್ತೆ ಕಾಣಿಸಿಕೊಂಡ ಕುಟುಂಬಗಳವರಿಂದ ಹೀಗೆ ಮೊಳಕೆಗೆ ಮರಳಿಸಿದ ಕೋಶಗಳನ್ನು ಬೆಳೆಸಿವೆ. ಅದೇ ಮನೆಯ, ರೋಗವಿಲ್ಲದವರ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಇಲ್ಲಿ ಪ್ರಶ್ನೆ ಇನ್ನೂ ಚೂಪಾಗುತ್ತದೆ. ತಟ್ಟೆಯಲ್ಲಿರುವ ಕೋಶಕ್ಕೆ ಮನೆಯಿಲ್ಲ, ಸಾಲವಿಲ್ಲ, ತೀರಿಹೋದ ಮಗುವಿನ ನೆನಪಿಲ್ಲ, ನಿದ್ದೆಗೆಟ್ಟ ರಾತ್ರಿಗಳಿಲ್ಲ. ಮನಸ್ಸೇ ಇಲ್ಲದಲ್ಲಿ ಮನೋರೋಗದ ಜಾಡು ಹುಡುಕುವುದು ಹುಚ್ಚುತನ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬದುಕು ಬರೆದದ್ದನ್ನೆಲ್ಲ ಒರೆಸಿದ ಮೇಲೂ ಇಬ್ಬರು ಒಡಹುಟ್ಟಿದವರ ಕೋಶಗಳು ಬೇರೆಬೇರೆಯಾಗಿ ಮಿಡಿದರೆ, ಆ ವ್ಯತ್ಯಾಸ ಬದುಕಿಗಿಂತ ಮೊದಲಿನದು. ಹಾಗೆ ಬೇರೆಯಾಗಿ ಮಿಡಿಯದಿದ್ದರೆ, ಒರೆಸಿದ್ದರಲ್ಲೇ ಏನೋ ಇತ್ತು.

ಅಜ್ಜಿಯ ಕೋಶದ ವಿಷಯಕ್ಕೆ ಮರಳಿದರೆ, ಮೈಯಲ್ಲಿ ಇಂಥ ನರಕೋಶದ ಎಳೆ ಬೆನ್ನುಹುರಿಯಿಂದ ಪಾದದವರೆಗೆ ಸುಮಾರು ಒಂದು ಮೀಟರ್ ಚಾಚಿರುತ್ತದೆ. ತಟ್ಟೆಯಲ್ಲೂ ಅದು ಎಳೆ ಚಾಚುತ್ತದೆ. ಅಲ್ಲಿ ಪಾದವಿಲ್ಲ.