ದನಿಯ ಸುತ್ತ ಒಂದು ಗುಮ್ಮಟ

ಉರ್ದು ಮುಶಾಯಿರಾಗಳಲ್ಲಿ ಒಂದು ಹಳೆಯ ತಕರಾರಿದೆ. ಕವಿ ತನ್ನ ಗಜಲನ್ನು ತರನ್ನುಮಿನಲ್ಲಿ, ಅಂದರೆ ರಾಗವಾಗಿ ಹೇಳಬೇಕೇ, ಇಲ್ಲ ತಹತುಲ್ಲಫ್ಜ್, ಅಂದರೆ ಬರಿಯ ಮಾತಿನಲ್ಲಿ ಓದಬೇಕೇ ಎಂಬುದು. ರಾಗವನ್ನು ಒಪ್ಪದವರ ವಾದ ಸರಳ: ಕೊರಳು ಇಂಪಾಗಿದ್ದರೆ ಸತ್ವವಿಲ್ಲದ ಶೇರ್ ಕೂಡ 'ವಾಹ್ ವಾಹ್' ಗಿಟ್ಟಿಸಿಕೊಳ್ಳುತ್ತದೆ, ಮರುದಿನ ಕಾಗದದ ಮೇಲೆ ಓದಿದರೆ ಅಲ್ಲಿ ಏನೂ ಉಳಿದಿರುವುದಿಲ್ಲ. ಒಪ್ಪುವವರು ಕೇಳುತ್ತಾರೆ: ಕೊರಳೂ ಅಲ್ಲಾಹನ ಕೊಡುಗೆಯೇ ಅಲ್ಲವೇ, ಅದನ್ನೇಕೆ ಮುಚ್ಚಿಡಬೇಕು? ಈ ತಕರಾರು ಈಗ ವೇದಿಕೆಯಿಂದಿಳಿದು ನಮ್ಮ ಮನೆಗಳ ಒಳಕೋಣೆಗೆ ಬಂದಿದೆ. ಆದರೆ ಈ ಸಲ ಪ್ರಶ್ನೆ ಕೊರಳಿನದಲ್ಲ, ಕೊರಳಿಗೆ ಹೊರಗಿನಿಂದ ಸೇರಿಸುವ ಪ್ರತಿಧ್ವನಿಯದು.

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಸೀಮೆಯ ಊರಿನವರು ಇಂದು ಒಂದು ಹಾಡನ್ನು ಧ್ವನಿಮುದ್ರಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಹೆಡ್‌ಫೋನು ಸಾಕು. ನಾವು ಅಲ್ಲಿ ನೋಡಿದ ಕೋಣೆಯೊಂದರಲ್ಲಿ ಗೋಡೆಗೆ ರಜಾಯಿ ತೂಗುಹಾಕಿ, ಮೂಲೆಗಳಲ್ಲಿ ಕಾಫಿ ತುಂಬಿದ ಗೋಣಿಚೀಲಗಳನ್ನು ಪೇರಿಸಿದ್ದರು. ತುಂಬಿದ ಗೋಣಿಚೀಲ ಸದ್ದನ್ನು ಚೆನ್ನಾಗಿ ಹೀರುತ್ತದೆ. ಹೆಂಚಿನ ಮೇಲೆ ಬೀಳುವ ಮಲೆನಾಡಿನ ಮಳೆಗೆ ಮಾತ್ರ ಯಾವ ರಜಾಯಿಯೂ ಉತ್ತರವಲ್ಲ, ಆದ್ದರಿಂದ ಮಳೆ ಹಿಡಿದರೆ ಆ 'ಸ್ಟುಡಿಯೋ' ಬಂದ್. ಅಲ್ಲಿ ನಾತ್, ಭಾವಗೀತೆ, ಮದುವೆಯ ಹಾಡು ಎಲ್ಲವೂ ತಯಾರಾಗುತ್ತವೆ. ಎಲ್ಲಕ್ಕೂ ಕೊನೆಯಲ್ಲಿ ಬೀಳುವ ಮಸಾಲೆ ಒಂದೇ. ಅದು ಎಕೋ.

ಜನ ಎಕೋ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ರಿವರ್ಬ್. ಗೋಡೆ, ನೆಲ, ಚಾವಣಿಗಳಿಗೆ ಬಡಿದು ಹಿಂದಿರುಗುವ ಸಾವಿರಾರು ಸಣ್ಣ ಮರುದನಿಗಳು ಒಂದರೊಳಗೊಂದು ಬೆರೆತು ಮಂಜಿನಂತೆ ಹರಡಿ ಕರಗುವುದು. ಇನ್ನೊಂದು ಡಿಲೇ. ಹೇಳಿದ ಮಾತು ಸ್ವಲ್ಪ ತಡವಾಗಿ, ಹಾಗೆಹಾಗೆಯೇ ಮತ್ತೆ ಕೇಳಿಸುವುದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಂದರೆ ಒಂದು ಬದಿಯಲ್ಲಿ ತಟ್ಟಿದ ಚಪ್ಪಾಳೆ ಎದುರಿನ ಗೋಡೆ ಮುಟ್ಟಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅರೇಹಳ್ಳಿಯ ಹುಡುಗ ಕಂಪ್ಯೂಟರಿನಲ್ಲಿ ಡಿಲೇಯ ಗುಂಡಿಯನ್ನು 220 ಮಿಲಿಸೆಕೆಂಡಿಗೆ ತಿರುಗಿಸಿದಾಗ, ತನಗೆ ಗೊತ್ತಿಲ್ಲದೆಯೇ, ಮುಹಮ್ಮದ್ ಆದಿಲ್‌ಶಾಹಿಯ ಗೋರಿಯಷ್ಟು ಅಗಲವನ್ನು ತನ್ನ ದನಿಯ ಸುತ್ತ ಕಟ್ಟಿಕೊಳ್ಳುತ್ತಾನೆ. 1656ರ ಹೊತ್ತಿಗೆ ಮುಗಿದ ಆ ಕಟ್ಟಡದ ಬೆವರನ್ನು ನೆನೆದರೆ ಇದು ಅಗ್ಗದ ವ್ಯಾಪಾರವೇ ಸರಿ.

ಹಾಗಾದರೆ ಇದು ಸುಳ್ಳೇ? ಇಲ್ಲದ ಗುಮ್ಮಟದಲ್ಲಿ ನಿಂತು ಹಾಡಿದ್ದೇನೆಂದು ತೋರಿಸುವುದು ವಂಚನೆಯೇ? ನಮ್ಮ ಹಿರಿಯ ಮಿತ್ರರೊಬ್ಬರು ಹೌದೆನ್ನುತ್ತಾರೆ. ದನಿ ಇದ್ದಂತೆ ಇರಬೇಕು ಎಂಬುದು ಅವರ ಹಟ. ಆದರೆ 'ಇದ್ದಂತೆ ಇರುವ ದನಿ' ಎಂಬುದನ್ನು ಯಾರು ಕೇಳಿದ್ದಾರೆ? ಅಜ್ಜಿಯ ಜೋಗುಳ ಕೋಣೆಯಲ್ಲಿತ್ತು, ಅಜಾನ್ ಬೆಟ್ಟದ ತಪ್ಪಲಲ್ಲಿತ್ತು, ಕೂಲಿಯವರ ಹಾಡು ತೋಟದ ಮರಗಳ ನಡುವೆ ಇತ್ತು. ಸ್ಥಳವಿಲ್ಲದ ದನಿಯನ್ನು ನಾವಾರೂ ಕೇಳಿಲ್ಲ. ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಮೈಕಿಟ್ಟು, ಸುತ್ತ ರಜಾಯಿ ಕಟ್ಟಿ ಹಿಡಿದ ಒಣ ದನಿಯೇ ಹೆಚ್ಚು ಕೃತಕ. ಯಾರಾದರೂ ನಮ್ಮ ಕಿವಿಗೆ ಬಾಯಿಟ್ಟು ಹಾಡುವುದುಂಟೇ?

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೇ ಇರಲಿಲ್ಲ. ತಗಡಿನ ಕಹಳೆಯೊಳಗೆ ಹಾಡಬೇಕಿತ್ತು, ಮೂರು ನಿಮಿಷದೊಳಗೆ ಮುಗಿಸಬೇಕಿತ್ತು. ಆ ತಟ್ಟೆಗಳಲ್ಲಿ ಸ್ಥಳದ ಸುಳಿವೇ ಇಲ್ಲ, ತೆಳ್ಳನೆಯ ದನಿಯೊಂದೇ. ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಮಹಾ ಗಾಯಕಿಯ ದರ್ಬಾರು ದನಿ ಹೇಗಿತ್ತೆಂದು ಆ ತಟ್ಟೆಗಳಿಂದ ತಿಳಿಯುವುದಿಲ್ಲ. ಈ ಬಡತನವನ್ನು ನೀಗಲೆಂದೇ ಪ್ರತಿಧ್ವನಿಯ ಉಪಾಯಗಳು ಹುಟ್ಟಿದವು. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಬಚ್ಚಲುಮನೆಯನ್ನೇ ಪ್ರತಿಧ್ವನಿ ಕೋಣೆಯಾಗಿ ಬಳಸಿದ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ಹಾಳೆಯನ್ನು ಕಂಪಿಸುವ ಯಂತ್ರ ತಂದಿತು. ಅದರ ತೂಕ ಇನ್ನೂರೈವತ್ತು ಕಿಲೋಗೂ ಹೆಚ್ಚು. ಅದೇ ಕೆಲಸವನ್ನು ಈಗ ಜೇಬಿನಲ್ಲಿರುವ ಫೋನು ಮಾಡುತ್ತದೆ. ಇಸ್ತಾಂಬುಲಿನ ಹಾಗಿಯಾ ಸೋಫಿಯಾ ಇನ್ನೂ ಮ್ಯೂಸಿಯಂ ಆಗಿದ್ದ ಕಾಲದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಅಲ್ಲಿ ಬಲೂನು ಒಡೆದು ಆ ಸದ್ದು ಕರಗುವ ಬಗೆಯನ್ನು ದಾಖಲಿಸಿಕೊಂಡು ಹೋದರು. ಆಮೇಲೆ ಅಮೆರಿಕದಲ್ಲಿ ಹಾಡಿದ ಗಾಯಕರ ದನಿಗೆ ಆ ಗುಮ್ಮಟವನ್ನೇ ಹೊದಿಸಿದರು. 2019ರಲ್ಲಿ ಆ ಆಲ್ಬಮ್ ಬಂತು. ಹೇಗೆ ಮಾಡಿದೆವೆಂದು ಅವರು ಮುಚ್ಚಿಡಲಿಲ್ಲ. ಹೇಳಿ ಮಾಡಿದ್ದನ್ನು ವಂಚನೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಮರುದನಿ ಯಾರ ಸೇವೆಗೆ? ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ದೊಡ್ಡ ಜಮಾಅತಿನ ನಮಾಜಿನಲ್ಲಿ ಇಮಾಮರ ತಕ್ಬೀರನ್ನು ಹಿಂದಿನ ಸಾಲುಗಳಿಗೆ ಮುಟ್ಟಿಸಲು ಮುಕಬ್ಬಿರ್ ಒಬ್ಬರು ಅದನ್ನೇ ಮತ್ತೆ ಕೂಗುತ್ತಿದ್ದರು. ಅದೂ ಒಂದು ಡಿಲೇ, ಮನುಷ್ಯರೇ ಮಾಡಿದ ಡಿಲೇ. ಕೇಳಿಸದವನಿಗೆ ಕೇಳಲಿ ಎಂಬುದಷ್ಟೇ ಅದರ ಉದ್ದೇಶ. ಇಂದಿನ ಜಲ್ಸಾಗಳ ಎಕೋ ಇದಕ್ಕೆ ತದ್ವಿರುದ್ಧ. ಕೇಳಿಸುತ್ತಿರುವ ಮಾತನ್ನೂ ಅದು ಕೇಳದಂತೆ ಮಾಡುತ್ತದೆ.

ಕುರ್‌ಆನ್ ಪಾರಾಯಣದಲ್ಲಿ ಇದು ರುಚಿಯ ಮಾತಷ್ಟೇ ಅಲ್ಲ. ತಜ್ವೀದ್ ಕಲಿತವರಿಗೆ ಗೊತ್ತು: ಸ್ವರವನ್ನು ಎಳೆಯುವುದಕ್ಕೆ ಎಣಿಕೆಯಿದೆ, ಕೆಲವೆಡೆ ಎರಡು, ಕೆಲವೆಡೆ ನಾಲ್ಕು, ಆರು. ಎಲ್ಲಿ ನಿಲ್ಲಬೇಕೆಂಬುದಕ್ಕೂ ನಿಯಮವಿದೆ. ಉದ್ದನೆಯ ಬಾಲವಿರುವ ರಿವರ್ಬ್ ಎರಡನ್ನು ನಾಲ್ಕೆನಿಸುತ್ತದೆ, ನಿಲುಗಡೆಯನ್ನು ಅಳಿಸುತ್ತದೆ. ಡಿಲೇಯಂತೂ ಇಲ್ಲದ ಅಕ್ಷರವನ್ನೇ ಸೇರಿಸುತ್ತದೆ. ಅಕ್ಷರ ಮರುಕಳಿಸುವಂತೆ ಮಾಡುವ ಉಪಕರಣ ಸಲ್ಲದೆಂದು ಕೆಲವು ಉಲಮಾಗಳು ಹೇಳಿರುವುದು ಈ ಕಾರಣಕ್ಕೇ. ಕನ್ನಡಕ್ಕೂ ಈ ಅಪಾಯ ತಪ್ಪಿದ್ದಲ್ಲ. ನಮ್ಮ ನುಡಿ ನಿಂತಿರುವುದೇ ಒತ್ತು ಮತ್ತು ದೀರ್ಘದ ಮೇಲೆ. ಎಕೋ ಹೆಚ್ಚಾದರೆ ಬಳೆ ಬಾಳೆಯಾಗುತ್ತದೆ. ಕತೆ ಕತ್ತೆಯಾಗುತ್ತದೆ, ಕತೆಗಾರರಾದ ನಮಗೆ ಇದು ಅಷ್ಟು ತಮಾಷೆಯ ವಿಷಯವಲ್ಲ.

ಕೆಲಸ ಬಲ್ಲವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ದನಿ ಹೊರಟು ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಬಿಟ್ಟು ರಿವರ್ಬ್ ಶುರುವಾಗುವಂತೆ ಮಾಡಿದರೆ ವ್ಯಂಜನ ಸ್ಪಷ್ಟವಾಗಿ ಉಳಿಯುತ್ತದೆ. ರಿವರ್ಬಿನ ತಳದ ಗುಂಯ್‌ಗುಡುವ ಭಾಗವನ್ನು ಕತ್ತರಿಸಿದರೆ ಮಂಜು ತಿಳಿಯಾಗುತ್ತದೆ. ಹಾಡುವಾಗ ಡಿಲೇ ತಗ್ಗಿ, ಉಸಿರಿನ ಬಿಡುವಿನಲ್ಲಿ ಮಾತ್ರ ಏಳುವಂತೆಯೂ ಮಾಡಬಹುದು.

ಇದಕ್ಕಿಂತ ದೊಡ್ಡ ಹಾನಿ ಹಾಡುವವನಿಗೇ ಆಗುತ್ತದೆ. ಎಕೋ ತುಂಬಿದ ಹೆಡ್‌ಫೋನಿನಲ್ಲಿ ತನ್ನ ದನಿ ಕೇಳಿಕೊಂಡವನಿಗೆ ಶ್ರುತಿ ಜಾರಿದ್ದು ತಿಳಿಯುವುದಿಲ್ಲ, ಉಸಿರು ಸಾಲದ್ದು ತಿಳಿಯುವುದಿಲ್ಲ. ಬಚ್ಚಲುಮನೆಯಲ್ಲಿ ನಾವೆಲ್ಲರೂ ಉಸ್ತಾದರೇ. ಆ ಬಚ್ಚಲುಮನೆಯಿಂದ ಹೊರಬರುವ ಅಗತ್ಯವೇ ಬೀಳದಿದ್ದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಅರೇಹಳ್ಳಿಯ ಆ ಹುಡುಗನ ತಂದೆ ಊರಿನಲ್ಲಿ ನಾತ್ ಹೇಳುವವರಾಗಿದ್ದರು. ಮಗ ಒಂದು ರಾತ್ರಿ ಅವರಿಂದ ನಾಲ್ಕು ನಾತ್ ಹಾಡಿಸಿ, ದೊಡ್ಡ ಮಸೀದಿಯೊಂದರ ರಿವರ್ಬ್ ಹೊದಿಸಿ, ಜಾಗ ಉಳಿಸಲೆಂದು ಮೂಲ ಮುದ್ರಣವನ್ನು ಅಳಿಸಿಬಿಟ್ಟ. ಮರುವರ್ಷ ತಂದೆ ತೀರಿಕೊಂಡರು. "ಚಾಚಾ, ಅಬ್ಬಾ ಎಲ್ಲೋ ದೂರದಲ್ಲಿ ಹಾಡಿದ ಹಾಗಿದೆ. ನನಗೆ ಬೇಕಾಗಿರೋದು ನಮ್ಮ ಮನೆ ಅಬ್ಬಾ" ಎಂದ. ಬೆರೆಸಿದ ರಿವರ್ಬನ್ನು ಸ್ವಲ್ಪ ತಗ್ಗಿಸುವ ಸಾಧನಗಳು ಈಗ ಇವೆ. ಅವನು ಅವನ್ನೂ ಬಳಸಿ ನೋಡಿದ. ಮಸೀದಿ ಹೋದ ಕಡೆ ದನಿಯೂ ಸ್ವಲ್ಪ ಹೋಗಿತ್ತು. ಆಮೇಲಿಂದ ಅವನು ತನ್ನಲ್ಲಿ ಹಾಡಲು ಬಂದ ಪ್ರತಿಯೊಬ್ಬರಿಗೂ ಎರಡು ಪ್ರತಿ ಕೊಡುತ್ತಾನೆ, ಒಂದು ಎಕೋ ಇರುವುದು, ಇನ್ನೊಂದು ಒಣ ದನಿಯದು. ಎರಡನೆಯದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಆದರೂ ಕೊಡುತ್ತಾನೆ.

ಜಲ್ಸಾದ ಮೈಕಿನವನಿಗೆ ಇದನ್ನೆಲ್ಲ ಹೇಳಿ ನೋಡಿದೆವು. ತಾಳ್ಮೆಯಿಂದ ಕೇಳಿದ. "ಎಕೋ ತೆಗೆದ್ರೆ ಮೈಕ್ ಕೆಟ್ಟಿದೆ ಅಂತ ಜನ ನನಗೇ ಬೈತಾರೆ ಸಾಬ್ರೆ. ನೀವು ಮೊದಲು ಅವರಿಗೆ ಹೇಳಿ" ಎಂದು ಗುಂಡಿಯನ್ನು ಇನ್ನೊಂದು ಸುತ್ತು ಮೇಲಕ್ಕೇ ತಿರುಗಿಸಿದ.