ಒಂದು ಪದದ ತಕರಾರು

1947ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯ ಕರಡಿಗೆ ಕೈಹಾಕಿದಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ ಅಡ್ಡಮಾತು ತೆಗೆಯಿತು. ಒಳಿತು ಕೆಡುಕಿನ ಅಳತೆಗೋಲು ಸಂಸ್ಕೃತಿಗೊಂದರಂತೆ ಇರುತ್ತದೆ, ಪಶ್ಚಿಮದ ಗಜಕಡ್ಡಿಯಿಂದ ಲೋಕವನ್ನೆಲ್ಲ ಅಳೆಯಬೇಡಿ ಎಂಬುದು ಅದರ ಹೇಳಿಕೆಯ ಸಾರ. ಬರೆದವರಲ್ಲಿ ಮುಖ್ಯರು ಮೆಲ್ವಿಲ್ ಹರ್ಸ್ಕೋವಿಟ್ಸ್. ಉದ್ದೇಶ ಒಳ್ಳೆಯದೇ ಇತ್ತು. ನಾಗರಿಕತೆ ಕಲಿಸುವ ನೆಪದಲ್ಲಿ ಊರೂರು ನುಂಗಿದವರನ್ನು ಜಗತ್ತು ಸಾಕಷ್ಟು ಕಂಡಿತ್ತು.

ಆದರೆ ಯಾರ ಪರವಾಗಿ ಈ ವಕಾಲತ್ತು ನಡೆದಿತ್ತೋ, ಆ ನಾಡುಗಳವರು ಕೇಳಿದ್ದೇ ಬೇರೆ.

ಕರಡು ಸಿದ್ಧಪಡಿಸುತ್ತಿದ್ದ ಆಯೋಗಕ್ಕೆ ಭಾರತದಿಂದ ಹೋದವರು ಹಂಸಾ ಮೆಹ್ತಾ. ಕರಡಿನ ಮೊದಲ ವಿಧಿಯಲ್ಲಿದ್ದ ಇಂಗ್ಲಿಷಿನ 'ಆಲ್ ಮೆನ್' ಅವರಿಗೆ ಹಿಡಿಸಲಿಲ್ಲ. ಅದರಲ್ಲಿ ಹೆಂಗಸರೂ ಸೇರಿದ್ದಾರೆ ಎಂಬುದು ಆಯೋಗದ ಅಧ್ಯಕ್ಷೆ ಎಲಿನಾರ್ ರೂಸ್‌ವೆಲ್ಟ್ ಅವರ ಸಮಾಧಾನ. ಹಂಸಾ ಜಗ್ಗಲಿಲ್ಲ. ಕೊನೆಗೆ ಅಚ್ಚಾದದ್ದು 'ಆಲ್ ಹ್ಯೂಮನ್ ಬೀಯಿಂಗ್ಸ್'. 'ನಮ್ಮ ಸಂಸ್ಕೃತಿ' ಎಂಬ ಮಾತಿನ ಬಿಸಿ ಅವರಿಗೆ ಮೊದಲೇ ತಟ್ಟಿತ್ತು. ಬರೋಡಾದ ದಿವಾನರ ಮಗಳು, ನಾಗರ ಬ್ರಾಹ್ಮಣ ಮನೆತನ. ವೈಶ್ಯರಾದ ಡಾಕ್ಟರ್ ಜೀವರಾಜ ಮೆಹ್ತಾ ಅವರ ಕೈಹಿಡಿದಾಗ ಜಾತಿಯವರು ಸಿಡಿದೆದ್ದಿದ್ದರು. ಅಲ್ಲಿ ಸಂಸ್ಕೃತಿಯೆಂದರೆ ಯಾರು? ಸಿಡಿದೆದ್ದ ಹಿರಿಯರೋ, ಮದುವೆಯಾದ ಹುಡುಗಿಯೋ? ಸಂಸ್ಕೃತಿಗೆ ಒಂದೇ ಬಾಯಿ ಎಂದು ಹೊರಗಿನ ಪಂಡಿತರು ನಂಬಿದ್ದೇ ಎಡವಟ್ಟು.

ಘೋಷಣೆಯನ್ನು ಮತಕ್ಕೆ ಹಾಕಿದ ಪ್ಯಾರಿಸ್ಸಿನಲ್ಲೂ ಈ ಎಡವಟ್ಟು ಬಯಲಾಯಿತು. ಧರ್ಮ ಬದಲಿಸುವ ಹಕ್ಕಿಗೆ ಸೌದಿ ಅರೇಬಿಯಾ ಇಸ್ಲಾಮಿನ ಹೆಸರಲ್ಲಿ ಒಪ್ಪಲಿಲ್ಲ. ಪಾಕಿಸ್ತಾನದ ಜಫ್ರುಲ್ಲಾ ಖಾನ್ ಅದೇ ಕುರಾನ್ ಆಧರಿಸಿ ಆ ಹಕ್ಕನ್ನು ಸಮರ್ಥಿಸಿದರು. 1948ರ ಡಿಸೆಂಬರ್ 10ರಂದು ಘೋಷಣೆಯ ಪರ 48 ಮತ ಬಿದ್ದವು, ವಿರುದ್ಧ ಒಂದೂ ಇಲ್ಲ, ತಟಸ್ಥ ದೇಶಗಳು 8. ಆ ಎಂಟರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕವೂ ಒಂದು. 'ಅವರವರ ಪದ್ಧತಿ ಅವರವರಿಗೆ' ಎಂಬ ಉದಾರ ಮಾತು ಇಂಥವರ ಜೇಬಿಗೂ ಸಲೀಸಾಗಿ ಇಳಿಯುತ್ತದೆ.

ಮಾನವಶಾಸ್ತ್ರಜ್ಞರ ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರವಾಗಿ ತನ್ನದೇ ಘೋಷಣೆ ಹೊರಡಿಸಿತು.

ಅಂದಹಾಗೆ, ಹಂಸಾ ಅವರ ಜಗಳ ಕನ್ನಡದಲ್ಲಿ ಹುಟ್ಟುತ್ತಲೇ ಇರಲಿಲ್ಲವೇನೋ. 'ಮನುಷ್ಯರು' ಎಂಬುದರ 'ರು' ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆ. ಏಕವಚನಕ್ಕೆ ಇಳಿದ ಗಳಿಗೆಯಲ್ಲಿ ಮಾತ್ರ ಕನ್ನಡವೂ 'ಮನುಷ್ಯ ಬಂದ' ಎಂದೇ ಹೇಳುತ್ತದೆ.