ಕೌದಿಯ ಮುಂದೆ ನಚಿಕೇತ

ಜುಲೈ ತಿಂಗಳಲ್ಲಿ ದುಬೈಯ ಬಿಸಿಲು 45 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಕರಾಮಾದ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ. ಅದೇ ಬೀದಿಯ ಮೇಲಿನ ಮಹಡಿಯಲ್ಲಿ ಹಗಲೂ ರಾತ್ರಿ ಏಸಿ ಓಡುತ್ತಿರುತ್ತದೆ. ಒಳಗೆ ಮಲಗಿದ ಕೂಸಿನ ಕಾಲು ತಣ್ಣಗಾಗುತ್ತವೆ. ವಿಜಯಪುರದಿಂದಲೋ ಗದಗಿನಿಂದಲೋ ಮಗಳ ಬಾಣಂತನಕ್ಕೆಂದು ಬಂದ ತಾಯಿ ಸೂಟ್‌ಕೇಸಿನ ತಳದಿಂದ ಕೌದಿ ತೆಗೆಯುವುದು ಆಗ. ವಿಮಾನದಲ್ಲಿ ತರಬಹುದಾದ ಇಷ್ಟೇ ಕಿಲೋ ತೂಕದಲ್ಲಿ ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಬಜೆಬೇರುಗಳ ಜೊತೆ ಅದಕ್ಕೂ ಜಾಗ ಮಾಡಿಕೊಟ್ಟಿರುತ್ತಾರೆ.

ಹತ್ತಿರದ ಮಾಲಿನಲ್ಲಿ ಹತ್ತಿಗಿಂತ ಹಗುರವಾದ ಹೊದಿಕೆಗಳು ಬಣ್ಣಬಣ್ಣದಲ್ಲಿ ಸಿಗುತ್ತವೆ. ತಂದದ್ದು ಮಾತ್ರ ಅಜ್ಜಿಯ ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಅತ್ತೆಯ ಕುಬಸ, ಯಾರದೋ ಶಾಲೆಯ ಅಂಗಿ. ಎಲ್ಲವೂ ಹಳೆಯವು, ಎಲ್ಲವೂ ಉಟ್ಟು ಬಿಟ್ಟವು.

ಹಳೆಯದನ್ನು ಕೊಡುವುದು ದಾನವೇ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಕಟುವಾಗಿ ಕೇಳಿದವನು ಕಠೋಪನಿಷತ್ತಿನ ಬಾಲಕ ನಚಿಕೇತ. ಅವನ ತಂದೆ ವಾಜಶ್ರವಸ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡುವ ಯಾಗಕ್ಕೆ ಕುಳಿತಿದ್ದ. ದಾನಕ್ಕೆಂದು ಹೊಡೆದುಕೊಂಡು ಹೋಗುತ್ತಿದ್ದ ಹಸುಗಳನ್ನು ಹುಡುಗ ನೋಡಿದ. ಅವು ಕುಡಿಯುವ ನೀರು ಕುಡಿದಾಗಿತ್ತು, ಮೇಯುವ ಹುಲ್ಲು ಮೇಯ್ದಾಗಿತ್ತು, ಕರೆಯುವ ಹಾಲೂ ಮುಗಿದಿತ್ತು. ಇಂಥವನ್ನು ಕೊಟ್ಟವನಿಗೆ ಆನಂದವಿಲ್ಲದ ಲೋಕಗಳೇ ಗತಿ ಎಂದು ಅವನಿಗೆ ತೋರಿತು. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅವನು ತಂದೆಯನ್ನು ಮತ್ತೆ ಮತ್ತೆ ಕೇಳಿ ಯಮನ ಬಾಗಿಲಿಗೆ ಹೋದ ಕಥೆ ಶುರುವಾಗುವುದೇ ಈ ಬಡಕಲು ಹಸುಗಳಿಂದ.

ನಚಿಕೇತನ ಆಕ್ಷೇಪ ಇವತ್ತಿಗೂ ಜೀವಂತ. ನೆರೆ ಬಂದ ಊರುಗಳ ಪರಿಹಾರ ಕೇಂದ್ರಗಳಲ್ಲಿ ಯಾರೂ ಉಡಲಾಗದ ಬಟ್ಟೆಗಳು ರಾಶಿ ಬೀಳುತ್ತವೆ. ಕಪಾಟು ಖಾಲಿ ಮಾಡಿಕೊಂಡವರಿಗೆ ಹಗುರವಾಗುತ್ತದೆ. ಪಡೆದವರಿಗೆ ಅದನ್ನು ವಿಲೇವಾರಿ ಮಾಡುವ ಕೆಲಸ ಉಳಿಯುತ್ತದೆ. ಹಾಗಾದರೆ ಕೌದಿಯೂ ವಾಜಶ್ರವಸನ ಹಸುವೇ?

ಭಗವದ್ಗೀತೆಯ ಎರಡನೆಯ ಅಧ್ಯಾಯವೂ ಹಳೆ ಬಟ್ಟೆಯ ಪರ ವಹಿಸುವುದಿಲ್ಲ. ಮನುಷ್ಯ ಜೀರ್ಣವಾದ ವಸ್ತ್ರ ಬಿಟ್ಟು ಹೊಸದನ್ನು ಉಡುವಂತೆ ಆತ್ಮ ಹಳೆಯ ದೇಹ ಬಿಟ್ಟು ಹೊಸ ದೇಹ ಸೇರುತ್ತದೆ ಎಂಬ ಅಲ್ಲಿನ ಹೋಲಿಕೆ ಸಾವಿನ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದು ಆತ್ಮದ ದಾರಿಯನ್ನು ಹೇಳುತ್ತದೆ. ಬಿಟ್ಟ ಬಟ್ಟೆ ಏನಾಯಿತು ಎಂಬುದು ಅಲ್ಲಿ ಬಾರದ ಮಾತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಆ ಬಟ್ಟೆಯನ್ನು ಒಗೆದು, ಮಡಿಚಿ, ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟರು.

ಬಿಟ್ಟ ಬಟ್ಟೆ ಏನಾಗಬೇಕು ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಬೌದ್ಧರ ವಿನಯಪಿಟಕ. ಕೌಶಾಂಬಿಯ ರಾಜ ಉದಯನನ ರಾಣಿಯರು ಆನಂದ ಭಿಕ್ಷುವಿಗೆ ಐನೂರು ಚೀವರಗಳನ್ನು ಕೊಟ್ಟರು. ಇಷ್ಟು ಬಟ್ಟೆ ಇವನಿಗೇಕೆ ಎಂದು ರಾಜನಿಗೆ ಸಂಶಯ ಬಂತು, ಹೋಗಿ ಕೇಳಿದ. ಬಟ್ಟೆ ಸವೆದ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಅವರ ಹಳೆ ಚೀವರ? ಹಾಸಿಗೆಯ ಮೇಲುಹಾಸು. ಹಳೆ ಮೇಲುಹಾಸು? ಹಾಸಿಗೆಯ ಚೀಲ. ಹೀಗೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಅರಿವೆ ಎಂದು ಇಳಿಯುತ್ತ ಹೋಗಿ, ಕೊನೆಯ ಚಿಂದಿಯನ್ನು ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ ಎಂಬಲ್ಲಿಗೆ ಮಾತು ನಿಂತಿತು. ರಾಜ ಸಂತೋಷಪಟ್ಟು ಇನ್ನೂ ಐನೂರು ಕೊಟ್ಟ. ಅದೇ ಪರಂಪರೆಯ ಇನ್ನೊಂದು ಕಥೆಯಲ್ಲಿ ಬುದ್ಧ ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಹಾಗೆಯೇ ತುಂಡು ತುಂಡು ಸೇರಿಸಿ ಚೀವರ ಹೊಲಿಯಲು ಆನಂದನಿಗೆ ಹೇಳುತ್ತಾನೆ. ಭಿಕ್ಷುವಿನ ಬಟ್ಟೆ ತೇಪೆಯ ಬಟ್ಟೆಯಾದದ್ದು ಹಾಗೆ.

ಕೌದಿಯ ಕಟ್ಟಡವೂ ಇಂಥದ್ದೇ. ಒಳಗೆ ಹತ್ತಿ ತುಂಬುವುದಿಲ್ಲ. ಹಳೆಯ ಪತ್ತಲ, ಧೋತರಗಳನ್ನೇ ಪದರು ಪದರಾಗಿ ಹಾಸಿ ಮೇಲೆ ತೇಪೆಗಳನ್ನು ಜೋಡಿಸುತ್ತಾರೆ. ಅಂಚಿನಿಂದ ಆರಂಭವಾದ ಸಣ್ಣ ಸಣ್ಣ ನೇರ ಹೊಲಿಗೆ ಸುತ್ತು ಹಾಕುತ್ತ ನಡುವಿನತ್ತ ಸಾಗುತ್ತದೆ. ಒಬ್ಬರೇ ಕುಳಿತರೆ ವಾರಗಟ್ಟಲೆ ಹಿಡಿಯುತ್ತದೆ. ಒಂದೊಂದೇ ಆಗಿ ನೋಡಿದರೆ ಆ ಬಟ್ಟೆಗಳು ಹರಿಯುವ ಹಂತಕ್ಕೆ ಬಂದವು; ಸಾವಿರಾರು ಹೊಲಿಗೆ ಬಿದ್ದ ಮೇಲೆ ಮತ್ತೊಂದು ತಲೆಮಾರಿಗೆ ಬಾಳುತ್ತವೆ.

ನಚಿಕೇತನಿಗೆ ಕೊಡಬಹುದಾದ ಉತ್ತರ ಇಲ್ಲಿದೆ. ವಾಜಶ್ರವಸ ಹಸುಗಳಿಂದ ಪಡೆಯುವುದನ್ನೆಲ್ಲ ಪಡೆದು, ತಾನೇನೂ ಸೇರಿಸದೆ ಕೈದಾಟಿಸಿದ. ಕೌದಿ ಹೊಲಿಯುವವಳು ಸವೆದದ್ದಕ್ಕೆ ತನ್ನ ಮಧ್ಯಾಹ್ನಗಳನ್ನು, ಕಣ್ಣಿನ ಬೆಳಕನ್ನು, ಬೆನ್ನಿನ ನೋವನ್ನು ಸೇರಿಸಿ ಕೊಡುತ್ತಾಳೆ. ಅವನ ಹಸುವಿನಲ್ಲಿ ಉಪಯೋಗ ಮುಗಿದಿತ್ತು. ಇವಳ ಕೈಯಲ್ಲಿ ಅದು ಮತ್ತೆ ಶುರುವಾಗುತ್ತದೆ.

ಮಡಿ-ಮೈಲಿಗೆಯ ಲೆಕ್ಕವನ್ನೂ ಕೌದಿ ಸದ್ದಿಲ್ಲದೆ ಕದಲಿಸುತ್ತದೆ. ಆಚಾರವಂತರ ಮನೆಯಲ್ಲಿ ಉಟ್ಟು ಬಿಟ್ಟ ಹತ್ತಿ ಬಟ್ಟೆ ಮೈಲಿಗೆ. ಮಂಗಳಕಾರ್ಯದಲ್ಲಿ ಉಡುಗೊರೆಗೆ ಹೊಸ ಬಟ್ಟೆಯೇ ಆಗಬೇಕು. ಆದರೆ ಮನೆಯ ಅತ್ಯಂತ ಎಳೆಯ ಜೀವಕ್ಕೆ ಬೇಕಾದದ್ದು ಹಳೆಯದು. ನಾಮಕರಣದವರೆಗೆ ಕೂಸಿಗೆ ಹೊಸ ಬಟ್ಟೆ ತೊಡಿಸದ ರೂಢಿ ಎಷ್ಟೋ ಮನೆಗಳಲ್ಲಿದೆ. ಹತ್ತಾರು ವರ್ಷ ಒಗೆದು ಮೆತ್ತಗಾದ ಅರಿವೆಯಷ್ಟು ನುಣುಪು ಯಾವ ಹೊಸ ಬಟ್ಟೆಗೂ ಇಲ್ಲವೆಂಬುದು ವ್ಯವಹಾರದ ಕಾರಣ. ಆಳದಲ್ಲಿ ಇನ್ನೊಂದಿದೆ: ಬೆವರು, ಎಣ್ಣೆ, ಅರಿಸಿನ, ಒಲೆಯ ಹೊಗೆ ಎಲ್ಲ ಕಂಡ ಬಟ್ಟೆಯೇ ಕೂಸನ್ನು ಕಾಯಬಲ್ಲದು ಎಂಬ ನಂಬಿಕೆ. ಮೈ ಸೋಕಿದ್ದೇ ಇಲ್ಲಿ ಅದರ ಯೋಗ್ಯತೆ.

ಈ ನಂಬಿಕೆ ಒಂದು ಧರ್ಮದ ಸೊತ್ತಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟು ತಪ್ಪಿಸಿಕೊಂಡು ಬಂದವರ ಪೀಳಿಗೆಯೂ ಅವರಲ್ಲಿದೆ. ಮೂರೂ ಧರ್ಮದ ಹೆಂಗಸರು ಕೌದಿಯಂಥದ್ದೇ ತೇಪೆಯ ಹೊದಿಕೆಯಾದ ಕವಂದಿ ಹೊಲಿಯುತ್ತಾರೆ. ಕೆಲವರ ತೇಪೆಗಳಲ್ಲಿ ಶಿಲುಬೆ ಮೂಡುತ್ತದೆ, ಕೆಲವರಲ್ಲಿ ಅರ್ಧಚಂದ್ರ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ಇವರ ಜೊತೆ ಕೆಲಸ ಮಾಡಿದ ಮೇಲೆ, 2011ರಲ್ಲಿ ಈ ಹೊದಿಕೆಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದ ಗೋಡೆಯನ್ನೂ ಏರಿದವು.

ಸಿದ್ದಿ ಹೆಂಗಸರಿಗೆ ಮುಗಿತಾಯವೇ ಮುಖ್ಯ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೊಲಿದ ‘ಫೂಲ’ ಬೇಕು. ಅದಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ. ನಡುವಿನ ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಇಟ್ಟು ಹೊದಿಕೆಯ ಹೊಟ್ಟೆ ತುಂಬಿಸುವ ರೂಢಿಯೂ ಇದೆ. ಹಸಿದದ್ದು ಇನ್ನೊಬ್ಬರನ್ನು ಬೆಚ್ಚಗಿಡುವುದು ಹೇಗೆ? ಯಾವ ಶಾಸ್ತ್ರವೂ ಬರೆಯದ ಈ ವಿಧಿಯಲ್ಲಿ, ಕೊಡುವ ವಸ್ತುವಿಗೂ ಒಂದು ಮರ್ಯಾದೆ ಉಂಟು ಎಂಬ ತಿಳಿವಳಿಕೆ ಇದೆ.

ಶರಣರ ನಾಡಿನವರಿಗೆ ಸೂಜಿದಾರ ಹೊಸತಲ್ಲ. ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ, ನೇಯ್ಗೆಯ ಅಮುಗೆ ರಾಯಮ್ಮ ಇದ್ದಾಳೆ. ಅವರಿಗಿಂತ ಮೊದಲಿನ ಜೇಡರ ದಾಸಿಮಯ್ಯ ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಅವನ ಐತಿಹ್ಯದಲ್ಲಿ ಶಿವ ಮುದಿ ಜಂಗಮನಾಗಿ ಬಂದು, ದಾಸಿಮಯ್ಯ ನೇಯ್ದ ಹೊಸ ಬಟ್ಟೆಯನ್ನು ಬೇಡಿ ಪಡೆದು, ಅವನ ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯ ಕದಲುವುದಿಲ್ಲ. ಕೊಟ್ಟ ಮೇಲೆ ಅದು ಪಡೆದವನದು. ಕಾಯಕ ಕೈಯಲ್ಲಿ ಉಳಿದಿದೆ, ದಾಸೋಹ ನಡೆದಿದೆ. ಬಟ್ಟೆಯ ಹೊಸತನಕ್ಕೆ ಅಂಟಿಕೊಳ್ಳುವುದೇನು?

ಕೌದಿಯನ್ನು ಹೊತ್ತು ತಂದ ಮರಳುನಾಡಿಗೂ ಹೊದಿಕೆಯ ದಾನ ಗೊತ್ತು. ಪ್ರವಾದಿ ಮುಹಮ್ಮದರು ತಮ್ಮೆದುರು ಕಾವ್ಯ ಹಾಡಿದ ಕವಿ ಕಅಬ್ ಇಬ್ನ್ ಝುಹೈರ್‌ಗೆ ತಾವು ಹೊದ್ದಿದ್ದ ಬುರ್ದಾವನ್ನೇ ಹೊದಿಸಿದರು ಎಂದು ಪರಂಪರೆ ಹೇಳುತ್ತದೆ. ಹೊಸದೊಂದನ್ನು ತರಿಸಲಿಲ್ಲ, ಮೈಮೇಲಿದ್ದುದನ್ನೇ ತೆಗೆದುಕೊಟ್ಟರು. ಅದೇ ಹೆಸರಿನ ಬುರ್ದಾ ಪ್ರಶಸ್ತಿಯನ್ನು ಯುಎಇ ಸರ್ಕಾರ 2004ರಲ್ಲಿ ಸ್ಥಾಪಿಸಿತು. ಪ್ರವಾದಿ ಸ್ತುತಿಯ ಕಾವ್ಯಕ್ಕೂ ಲಿಪಿಕಲೆಗೂ ಅದು ಸಲ್ಲುತ್ತದೆ. ಅದೇ ನಾಡಿನಲ್ಲಿ ಕುರಿ, ಮೇಕೆ, ಒಂಟೆಯ ಕೂದಲಿನಿಂದ ಬೆದೂಯಿನ್ ಹೆಂಗಸರು ನೇಯುವ ‘ಸದು’ ಕಲೆಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೊ 2011ರಲ್ಲಿ ಸೇರಿಸಿತು. ಗುಡಾರದ ಗೋಡೆಯೂ ದಿಂಬೂ ಒಂಟೆಯ ಅಲಂಕಾರವೂ ಆಗಿದ್ದ ನೇಯ್ಗೆ ಅದು. ಬಾದಾಮಿಯ ಹಟ್ಟಿಯಲ್ಲಿ ಕೌದಿ ಹೊಲಿಯುವ ಮುದುಕಿಯೂ ಲಿವಾದ ಮರಳಿನಲ್ಲಿ ಸದು ನೇಯುವ ಮುದುಕಿಯೂ ಒಂದೆಡೆ ಕುಳಿತರೆ ಮಾತಿಗೆ ಭಾಷೆ ಬೇಕಾಗಲಿಕ್ಕಿಲ್ಲ.

ದೂರದೇಶದ ಬದುಕು ಕೌದಿಗೆ ಹೊಸ ತೊಡಕನ್ನೂ ತಂದಿದೆ. ತಾಯಿ ಬಂದಿರುವುದು ಎರಡು ತಿಂಗಳ ವಿಸಿಟ್ ವೀಸಾದಲ್ಲಿ. ಕೂಸಿಗೆ ಎರೆಯಬೇಕು, ಬಾಣಂತಿಗೆ ಅಡುಗೆಯಾಗಬೇಕು, ಅದರ ನಡುವೆ ಎರಡನೆಯ ಕೌದಿಗೆ ಸೂಜಿ ಹಿಡಿದರೆ ಅದು ಮುಗಿಯುವ ಮೊದಲೇ ವಿಮಾನದ ದಿನ ಬರುತ್ತದೆ. ಅರ್ಧ ಹೊಲಿದ ಕೌದಿ ಸೋಫಾದ ಹಿಂದೆ ಮಡಿಚಿ ಕೂರುತ್ತದೆ. ಮಗಳಿಗೆ ಆಫೀಸು, ಮೆಟ್ರೊ, ಮಗುವಿನ ಲಸಿಕೆ. ಶುಕ್ರವಾರ ಮಧ್ಯಾಹ್ನವೊಂದು ಬಿಡುವು ಸಿಕ್ಕಿತೆಂದರೆ ಬೋಟಿಮ್ ಆ್ಯಪ್‌ನಲ್ಲಿ ತಾಯಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಸೂಜಿಗೆ ದಾರ ಪೋಣಿಸುತ್ತಾಳೆ. ‘ಅವ್ವಾ, ಮೂಲಿ ಹ್ಯಾಂಗ ಮಡಚಬೇಕ?’ ಆ ಕಡೆಯಿಂದ ಕೈ ಪರದೆಯ ತುಂಬ ಬಂದು ಗಾಳಿಯಲ್ಲೇ ಮಡಿಚಿ ತೋರಿಸುತ್ತದೆ.

ಮುಗಿದ ಕೌದಿಯನ್ನು ಮಗುಚಿ ನೋಡಿದರೆ ತಾಯಿಯ ಕೈ ಎಲ್ಲಿ ನಿಂತಿತು, ಮಗಳದು ಎಲ್ಲಿ ಶುರುವಾಯಿತು ಎಂದು ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನ ಸುತ್ತುಗಳು ಅಕ್ಕಿಕಾಳಿನಷ್ಟು ಸಣ್ಣ, ಒಂದೇ ಅಳತೆ. ಒಳಗಿನವು ಉದ್ದ, ಕೆಲವೆಡೆ ಸೊಟ್ಟ. ಯಾರೂ ಬಿಚ್ಚಿ ಮತ್ತೆ ಹೊಲಿಯುವುದಿಲ್ಲ. ಕೂಸು ದೊಡ್ಡದಾದಂತೆ ಅದರ ಕುಲಾಯಿ, ಚಿಕ್ಕದಾದ ಅಂಗಿ, ಮೊದಲ ಶಾಲೆಯ ಸಮವಸ್ತ್ರ ಕಪಾಟಿನ ಮೇಲಿನ ಚೀಲ ಸೇರುತ್ತವೆ. ರಜೆಗೆ ಊರಿಗೆ ಹೊರಟಾಗ ಖರ್ಜೂರದ ಡಬ್ಬಿಗಳ ಕೆಳಗೆ ಆ ಚೀಲವೂ ಸೂಟ್‌ಕೇಸಿಗೆ ಇಳಿಯುತ್ತದೆ.